ಬಿಸಿಲಿನ ದುಡಿಮೆ: ದೇಹಕ್ಕೂ ಬೇಕು ನೀರಿನ ಲೆಕ್ಕ

ಭತ್ತಕ್ಕೆ ಎಷ್ಟು ನೀರು ಬೇಕು, ಮೆಕ್ಕೆಜೋಳಕ್ಕೆ ಯಾವ ಹಂತದಲ್ಲಿ ನೀರು ಕೊಡಬೇಕು, ಅಡಿಕೆ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಲೀಟರು ಹನಿಸಬೇಕು ಎಂಬ ಲೆಕ್ಕವನ್ನು ಈ ಪತ್ರಿಕೆಯ ಓದುಗರು ಚೆನ್ನಾಗಿ ಬಲ್ಲರು. ಎಲೆಗಳಿಂದ ಆವಿಯಾಗಿ ಹೋಗುವ ನೀರನ್ನು ಅಳೆದು, ಅಷ್ಟನ್ನು ಮರಳಿ ಕೊಡುವುದೇ ನೀರಾವರಿಯ ತಿರುಳು. ಆದರೆ ಆ ಹೊಲದಲ್ಲಿ ನಿಂತು ದುಡಿಯುವ ರೈತ ಮತ್ತು ಕೂಲಿಯಾಳಿನ ಮೈಯಿಂದ ಬೆವರಾಗಿ ಹೋಗುವ ನೀರು ಎಷ್ಟು, ಅದನ್ನು ಯಾವಾಗ, ಹೇಗೆ ತುಂಬಬೇಕು ಎಂಬ ವಿಷಯ ನಮ್ಮ ತರಬೇತಿಗಳಲ್ಲಿ ಬರುವುದೇ ಇಲ್ಲ. ಕ್ರೀಡಾ ವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯ ವಿಜ್ಞಾನದವರು ಈ ಬಗ್ಗೆ ಬಹಳಷ್ಟು ಕೆಲಸ ಮಾಡಿದ್ದಾರೆ. ಓಟಗಾರರನ್ನು, ಫುಟ್‌ಬಾಲ್ ಆಟಗಾರರನ್ನು, ಸೈನಿಕರನ್ನು, ಕಬ್ಬು ಕಡಿಯುವವರನ್ನು ಪರೀಕ್ಷಿಸಿ ಅವರು ಕಂಡುಕೊಂಡ ಸಂಗತಿಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಗೆ ಅನ್ವಯಿಸುವಂತಹವನ್ನು ಇಲ್ಲಿ ವಿವರಿಸಲಾಗಿದೆ. ಒಂದು ವಿಷಯದಲ್ಲಿ, ಅಂದರೆ ಜಗಳೂರಿನ ನೀರಿನ ವಿಷಯದಲ್ಲಿ, ಕ್ರೀಡಾ ತರಬೇತುದಾರರ ಸಲಹೆಯನ್ನು ಇದ್ದಂತೆಯೇ ತೆಗೆದುಕೊಂಡರೆ ಅಪಾಯವೂ ಉಂಟು. ಅದನ್ನು ಮುಂದೆ ನೋಡೋಣ.

ಕೋಲಾರದ ಗಣಿಯಿಂದ ಕಲಿತದ್ದು

ಬಿಸಿಯಲ್ಲಿ ದುಡಿಯುವ ದೇಹದ ಅಧ್ಯಯನ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಗಳು ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಬಂಡೆಯೇ ಕಾದಿರುತ್ತದೆ. ಅಲ್ಲಿ ಕೆಲಸಗಾರರು ಇದ್ದಕ್ಕಿದ್ದಂತೆ ಕುಸಿದು ಬೀಳುವುದೇಕೆ ಎಂಬುದನ್ನು ವಿಶ್ಲೇಷಿಸಿ ಎ. ಕ್ಯಾಪ್ಲನ್ ಅವರು 1944ರಲ್ಲಿ ಪ್ರಬಂಧ ಪ್ರಕಟಿಸಿದರು. ಹೆಚ್ಚಿನ ಉಷ್ಣತೆಯಿಂದ ಆಳವಾದ ಗಣಿಗಳ ಕೆಲಸಗಾರರ ದಕ್ಷತೆ ಹೇಗೆ ಕುಗ್ಗುತ್ತದೆ ಎಂಬುದರ ಬಗ್ಗೆ ಜೆ.ಕೆ. ಲಿಂಡ್ಸೆ ಅವರೊಡನೆ 1946ರಲ್ಲಿ ಇನ್ನೊಂದು ವರದಿ ಹೊರತಂದರು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅಲ್ಲಿಯೂ ದಕ್ಷಿಣ ಆಫ್ರಿಕದ ಗಣಿಗಳಲ್ಲಿಯೂ ಕೈಗೊಂಡ ಇಂತಹ ಅಧ್ಯಯನಗಳು ಇಂದು ಕ್ರೀಡಾಪಟುಗಳಿಗೆ ಹೇಳಿಕೊಡುವ ಪಾಠಕ್ಕೆ ತಳಪಾಯವಾಗಿವೆ. ಮೊದಲು ದುಡಿಯುವವರ ಮೈಯಲ್ಲಿ ಕಂಡುಕೊಂಡ ವಿದ್ಯೆ ಆಟಗಾರರ ಪಾಲಾಯಿತು. ಹೊಲದವರಿಗೆ ಮಾತ್ರ ಇನ್ನೂ ಸರಿಯಾಗಿ ತಲುಪಿಲ್ಲ.

ಮೈ ಬಿಸಿಯಾಗುವುದು ಬಿಸಿಲಿನಿಂದ ಮಾತ್ರವಲ್ಲ. ನಾವು ತಿಂದ ಆಹಾರದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗ ಮಾತ್ರ ಸ್ನಾಯುಗಳಲ್ಲಿ ಕೆಲಸವಾಗಿ ಮಾರ್ಪಡುತ್ತದೆ. ಉಳಿದದ್ದೆಲ್ಲ ಶಾಖ. ಗುದ್ದಲಿ ಹಿಡಿದು ಅಗೆಯುವವನ ದೇಹ ಒಳಗಿನಿಂದಲೇ ಒಲೆಯಂತೆ ಉರಿಯುತ್ತಿರುತ್ತದೆ. ಈ ಶಾಖವನ್ನು ಹೊರಹಾಕಲು ಬೇಸಿಗೆಯಲ್ಲಿ ಇರುವ ಮುಖ್ಯ ದಾರಿ ಬೆವರು. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಹೋಗುತ್ತದೆ. ಆವಿಯಾದರೆ ಎಂಬ ಮಾತನ್ನು ಗಮನಿಸಬೇಕು. ಹನಿಹನಿಯಾಗಿ ನೆಲಕ್ಕೆ ತೊಟ್ಟಿಕ್ಕುವ ಬೆವರಿನಿಂದ ಮೈ ತಣಿಯುವುದಿಲ್ಲ. ನೀರು ಮಾತ್ರ ನಷ್ಟ.

ಎರಡು ಉಷ್ಣಮಾಪಕಗಳ ಸಾಕ್ಷಿ

ಜಗಳೂರಿನಲ್ಲಿ ಬಿಸಿಲು ಹೆಚ್ಚು, ಆದ್ದರಿಂದ ಅಪಾಯವೂ ಅಲ್ಲಿಯೇ ಹೆಚ್ಚು, ಭದ್ರಾ ನಾಲೆಯ ಚನ್ನಗಿರಿಯೂ ತುಂಗಭದ್ರೆಯ ದಡದ ಹೊನ್ನಾಳಿಯೂ ತಂಪು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಇದು ಅರ್ಧ ಸತ್ಯ. ಹವಾಮಾನ ವೀಕ್ಷಣಾಲಯದಲ್ಲಿ ಒಣ ಉಷ್ಣಮಾಪಕದ ಪಕ್ಕದಲ್ಲಿಯೇ ಒದ್ದೆ ಬಟ್ಟೆ ಸುತ್ತಿದ ತೇವ ಉಷ್ಣಮಾಪಕವೊಂದನ್ನು ಇಟ್ಟಿರುವುದನ್ನು ನೀವು ನೋಡಿರಬಹುದು. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರಿ ಅದರ ಪಾದರಸ ಕೆಳಗಿಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಇಳಿಯುವುದಿಲ್ಲ. ಬೆವರಿದ ಮೈಯೂ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೇ.

1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಲ್ಲಿ ಯುವಕರು ಬಿಸಿಲಿನ ಹೊಡೆತಕ್ಕೆ ಬೀಳುತ್ತಿದ್ದುದನ್ನು ತಡೆಯಲು ಒಂದು ಸೂತ್ರ ರೂಪಿಸಲಾಯಿತು. ತೇವ ಉಷ್ಣಮಾಪಕದ ಅಂಕಿಗೆ ಹತ್ತರಲ್ಲಿ ಏಳು ಪಾಲು, ಬಿಸಿಲಿಗೆ ಒಡ್ಡಿದ ಕಪ್ಪು ಗೋಲದ ಉಷ್ಣತೆಗೆ ಎರಡು ಪಾಲು, ಒಣ ಉಷ್ಣತೆಗೆ ಒಂದೇ ಪಾಲು ಬೆಲೆ ಕೊಟ್ಟು ಕೂಡಿಸುವುದು. ಇಂದಿಗೂ ಕ್ರೀಡಾಕೂಟ ನಡೆಸಬೇಕೇ ಮುಂದೂಡಬೇಕೇ ಎಂದು ತೀರ್ಮಾನಿಸುವುದು ಇದೇ ಸೂಚ್ಯಂಕದಿಂದ.

ಲೆಕ್ಕಕ್ಕಾಗಿ ಎರಡು ಸನ್ನಿವೇಶ ಹಿಡಿಯೋಣ. ಜಗಳೂರಿನ ಬಯಲು ಹೊಲದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಒಣ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್, ತೇವ ಉಷ್ಣತೆ 22, ಕಪ್ಪು ಗೋಲ 50 ಎಂದಿರಲಿ. ಸೂಚ್ಯಂಕ 15.4 + 10 + 3.8, ಅಂದರೆ 29.2. ಚನ್ನಗಿರಿಯ ನೀರು ನಿಂತ ಗದ್ದೆಯಲ್ಲಿ ಮಳೆಗೆ ಮುಂಚಿನ ಸೆಖೆಯ ದಿನ ಒಣ ಉಷ್ಣತೆ 33 ಮಾತ್ರ, ಆದರೆ ತೇವ ಉಷ್ಣತೆ 27, ಗೋಲ 45 ಇದ್ದರೆ ಸೂಚ್ಯಂಕ 18.9 + 9 + 3.3, ಅಂದರೆ 31.2. ಐದು ಡಿಗ್ರಿ ಕಡಿಮೆ ಬಿಸಿಯ ಗದ್ದೆಯಲ್ಲಿ ದೇಹಕ್ಕೆ ಹೆಚ್ಚು ಕಷ್ಟ! ಬಿಸಿಗೆ ಒಗ್ಗಿದವರು ಕೂಡ ಸಾಧಾರಣ ಶ್ರಮದ ಕೆಲಸವನ್ನು ಈ ಸೂಚ್ಯಂಕ 28ರವರೆಗೆ, ಅಗೆತದಂತಹ ಭಾರಿ ಕೆಲಸವನ್ನು 26ರವರೆಗೆ ಮಾತ್ರ ಎಡೆಬಿಡದೆ ಮಾಡಬಹುದು ಎಂಬುದು ಅಂತರರಾಷ್ಟ್ರೀಯ ಮಾನಕ. ಅದಕ್ಕೆ ಮೇಲೆ ಹೋದಂತೆ ಕೆಲಸದ ನಡುವೆ ವಿರಾಮವನ್ನು ಹೆಚ್ಚಿಸುತ್ತ ಹೋಗಬೇಕು.

ಆದ್ದರಿಂದ ಜಗಳೂರಿನಲ್ಲಿ ನೆರಳು ಮುಖ್ಯ, ಗದ್ದೆ ಬಯಲಿನಲ್ಲಿ ಗಾಳಿ ಮುಖ್ಯ. ದಟ್ಟವಾದ ಅಡಿಕೆ ತೋಟದೊಳಗೆ ನೆರಳೇನೋ ಇದೆ, ಆದರೆ ಗಾಳಿ ಆಡುವುದಿಲ್ಲ. ಮಧ್ಯಾಹ್ನ ಅಲ್ಲಿ ಬುಡ ಅಗೆಯುವವರು ತೋಟದ ಅಂಚಿಗೆ ಬಂದು ವಿಶ್ರಮಿಸುವುದು ಲೇಸು. ಅಡಿಕೆ ಬೇಯಿಸುವ ಒಲೆಯ ಮುಂದೆ ನಿಲ್ಲುವವರಿಗೆ ಬೆಂಕಿಯ ಶಾಖ, ಹಂಡೆಯ ಹಬೆ ಎರಡೂ ಕೂಡಿ ಬರುತ್ತವೆ. ಅಲ್ಲಿ ಆಳುಗಳನ್ನು ಸರದಿಯ ಮೇಲೆ ಬದಲಿಸಬೇಕು. ಔಷಧಿ ಸಿಂಪಡಿಸುವಾಗ ಮೈ ಮುಚ್ಚುವ ಉಡುಪು ಧರಿಸಲೇಬೇಕು, ಆದರೆ ಆ ಉಡುಪಿನೊಳಗೆ ಬೆವರು ಆರುವುದಿಲ್ಲ. ಹೀಗಾಗಿ ಸಿಂಪರಣೆಯನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸುವುದಕ್ಕೆ ಔಷಧಿಯ ಪರಿಣಾಮವಷ್ಟೇ ಅಲ್ಲದೆ ಇನ್ನೊಂದು ಬಲವಾದ ಕಾರಣವೂ ದೊರೆತಂತಾಯಿತು.

ಮೊದಲ ವಾರವೇ ಅಪಾಯ

ಸಸಿಮಡಿಯಿಂದ ತಂದ ಅಡಿಕೆ ಸಸಿಯನ್ನು ಒಮ್ಮೆಲೇ ಬಯಲಿಗೆ ನೆಟ್ಟರೆ ಬಾಡುತ್ತದೆ. ನೆರಳನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬಿಸಿಲಿಗೆ ಒಗ್ಗಿಸುತ್ತೇವೆ. ಮನುಷ್ಯ ದೇಹವೂ ಹಾಗೆಯೇ ಒಗ್ಗುತ್ತದೆ. ಬಿಸಿಯಲ್ಲಿ ದಿನವೂ ಒಂದೆರಡು ಗಂಟೆ ದುಡಿದರೆ 7ರಿಂದ 14 ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಸುರಿಯಲಾರಂಭಿಸುತ್ತದೆ, ಬೆವರಿನಲ್ಲಿ ಉಪ್ಪಿನ ಅಂಶ ತಗ್ಗುತ್ತದೆ, ಅದೇ ಕೆಲಸಕ್ಕೆ ಹೃದಯದ ಬಡಿತ ಕಡಿಮೆಯಾಗುತ್ತದೆ. ಕೆಲಸ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಈ ಗುಣ ಕಳೆದುಹೋಗುತ್ತದೆ.

ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ದಾಖಲೆಗಳ ಪ್ರಕಾರ ಕೆಲಸದ ಸ್ಥಳದಲ್ಲಿ ಬಿಸಿಲಿನಿಂದ ಆಗುವ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಮೊದಲನೆಯ ದಿನವೇ, ನೂರಕ್ಕೆ 70ಕ್ಕೂ ಹೆಚ್ಚು ಮೊದಲ ವಾರದೊಳಗೆ ಸಂಭವಿಸುತ್ತವೆ. ನಮ್ಮಲ್ಲಿ ಈ ಗುಂಪಿಗೆ ಸೇರುವವರು ಯಾರು? ಬೆಂಗಳೂರಿನಲ್ಲಿ ನೆರಳಿನ ಕೆಲಸ ಮಾಡಿಕೊಂಡಿದ್ದು ಯುಗಾದಿಗೆ ಊರಿಗೆ ಬಂದು ಅಪ್ಪನ ಜೊತೆ ಗೊಬ್ಬರ ಹೇರಲು ನಿಲ್ಲುವ ಮಗ. ಬೇಸಿಗೆ ರಜೆಯಲ್ಲಿ ಕೂಲಿಗೆ ಹೋಗುವ ಕಾಲೇಜು ವಿದ್ಯಾರ್ಥಿ. ಜ್ವರದಿಂದ ಎದ್ದು ಹದಿನೈದು ದಿನದ ಮೇಲೆ ಹೊಲಕ್ಕೆ ಹೋದವರು. ಗಟ್ಟಿಮುಟ್ಟಾದ ಹುಡುಗನಿಗೆ ಏನಾದೀತು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಗಟ್ಟಿಗರೇ ಹಟದಿಂದ ಮೈ ಮರೆತು ದುಡಿದು ಬೀಳುವುದು ಹೆಚ್ಚು.

ಹೊಸಬರಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೆಯ ಒಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಐದನೆಯ ದಿನಕ್ಕೆ ಪೂರ್ಣ ಕೆಲಸ. ಹಳಬರು ಬಿಡುವಿನ ನಂತರ ಮರಳಿದರೆ ಮೊದಲ ದಿನ ಅರ್ಧ, ನಾಲ್ಕನೆಯ ದಿನ ಪೂರ್ಣ. ಇದು ಶಿಫಾರಸು. ದಿನಗೂಲಿಯ ಲೆಕ್ಕದಲ್ಲಿ ಇದನ್ನು ಪಾಲಿಸುವುದು ಕಷ್ಟವೆಂಬುದು ಗೊತ್ತಿರುವ ಮಾತೇ. ಕನಿಷ್ಠ ಪಕ್ಷ ಹೊಸಬರನ್ನು ಮೊದಲ ನಾಲ್ಕು ದಿನ ಬೆಳಗಿನ ಹೊತ್ತಿಗೆ, ಹಗುರ ಕೆಲಸಕ್ಕೆ ಹಾಕುವುದು, ಒಂಟಿಯಾಗಿ ಬಿಡದಿರುವುದು ಎಲ್ಲರಿಗೂ ಸಾಧ್ಯ.

ಬೆವರನ್ನು ತೂಗುವ ವಿಧಾನ

ಕ್ರೀಡಾ ತರಬೇತುದಾರರ ಒಂದು ಸರಳ ಉಪಾಯವನ್ನು ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ತರಬೇತಿಯಲ್ಲಿ ಮಾಡಿ ತೋರಿಸಬಹುದು. ಮೆಕ್ಕೆಜೋಳದ ಚೀಲ ತೂಗುವ, ನೂರು ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ ಇದ್ದರೆ ಸಾಕು. ಕೆಲಸಕ್ಕೆ ಮುಂಚೆ ಮೂತ್ರ ವಿಸರ್ಜಿಸಿ, ಕಡಿಮೆ ಬಟ್ಟೆಯಲ್ಲಿ ತೂಗಬೇಕು. ಎರಡು ಗಂಟೆ ಕೆಲಸ ಮಾಡಿ, ಮೈ ಒರೆಸಿಕೊಂಡು, ಅಷ್ಟೇ ಬಟ್ಟೆಯಲ್ಲಿ ಮತ್ತೆ ತೂಗಬೇಕು. ನಡುವೆ ಕುಡಿದ ನೀರನ್ನು ಅಳತೆ ಮಾಡಿಡಬೇಕು.

ಉದಾಹರಣೆಗೆ, ಬೆಳಿಗ್ಗೆ 58 ಕಿಲೋ ಇದ್ದವರು ಎರಡು ಗಂಟೆಯ ನಂತರ 57.2 ಕಿಲೋ ತೂಗಿದರು. ನಡುವೆ 600 ಮಿಲಿಲೀಟರು ನೀರು ಕುಡಿದಿದ್ದರು. ಕಳೆದ 0.8 ಕಿಲೋಗೆ ಕುಡಿದ 0.6 ಲೀಟರು ಸೇರಿಸಿದರೆ ಹೋದ ಬೆವರು 1.4 ಲೀಟರು. ಗಂಟೆಗೆ 0.7 ಲೀಟರು. ಆರು ಗಂಟೆ ಹೀಗೆಯೇ ದುಡಿದರೆ 4.2 ಲೀಟರು. ಭಾರಿ ಕೆಲಸದಲ್ಲಿ ಕೆಲವರಿಗೆ ಗಂಟೆಗೆ ಒಂದೂವರೆ ಲೀಟರಿನವರೆಗೂ ಬೆವರು ಹೋಗುವುದುಂಟು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಕಡಿಮೆಯಾದರೆ, ಅಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು 1.2 ಲೀಟರು ಕೊರತೆಯಾದರೆ, ದುಡಿಯುವ ಶಕ್ತಿ ಕುಗ್ಗುತ್ತದೆ, ಹೃದಯದ ಬಡಿತ ಏರುತ್ತದೆ.

ಬಾಯಾರಿದಾಗ ಒಂದೇ ಸಲ ಚೊಂಬುಗಟ್ಟಲೆ ಕುಡಿಯುವುದಕ್ಕಿಂತ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರು ಕುಡಿಯುವುದು ಉತ್ತಮ. ಗಂಟೆಗೆ ಸುಮಾರು 1.4 ಲೀಟರಿಗಿಂತ ಹೆಚ್ಚು ಕುಡಿಯಬಾರದು. ನೀರು ಹೆಚ್ಚಾದರೆ ತೊಂದರೆಯೇನು ಎನ್ನುವವರಿಗೆ ಬಾಸ್ಟನ್ ಓಟದ ಸಂಗತಿ ಹೇಳಬೇಕು. 2002ರ ಬಾಸ್ಟನ್ ಮ್ಯಾರಥಾನ್ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ತಗ್ಗಿತ್ತು. ಓಡುತ್ತ ಅತಿಯಾಗಿ ನೀರು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಎದ್ದು ಕಂಡಿತು. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಬರೀ ನೀರನ್ನೇ ಸುರಿದರೆ ಉಳಿದ ಉಪ್ಪೂ ತೆಳುವಾಗುತ್ತದೆ.

ನಮ್ಮಲ್ಲಿ ಇದಕ್ಕೆ ಉತ್ತರ ಹಿಂದಿನಿಂದಲೂ ಇದೆ. ಬುತ್ತಿಯ ಜೊತೆ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ, ಉಪ್ಪಿನಕಾಯಿ. ಮೂರು ಹೊತ್ತು ಊಟ ಮಾಡುವವರಿಗೆ ಸಾಮಾನ್ಯ ದಿನಗಳಲ್ಲಿ ಇಷ್ಟು ಸಾಕು. ಬಹಳ ಬೆವರಿ, ಸ್ನಾಯು ಸೆಳೆತ ಕಂಡಾಗ ಒ.ಆರ್.ಎಸ್. ಪುಡಿ ಬಳಸಬಹುದು. ಅದು ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿದರಾಯಿತು. ಕರುಳಿನಲ್ಲಿ ಸಕ್ಕರೆಯೂ ಉಪ್ಪೂ ಜೊತೆಯಾಗಿ ಒಳಸೇರುವಾಗ ನೀರನ್ನೂ ಎಳೆದುಕೊಳ್ಳುತ್ತವೆ ಎಂಬ ತತ್ವವೇ ಇದಕ್ಕೆ ಆಧಾರ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಕಾಲರಾ ರೋಗಿಗಳನ್ನು ಉಳಿಸಿದ್ದು ಇಂತಹ ನೀರಿನಿಂದಲೇ. ಕ್ರೀಡಾಪಟುಗಳ ಬಾಟಲಿಯ ಪಾನೀಯ ಇದರ ದುಬಾರಿ ದಾಯಾದಿ. ಅದನ್ನು ಕೊಳ್ಳುವ ಅಗತ್ಯವಿಲ್ಲ. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು.

ತಕ್ಕಡಿ ಇಲ್ಲದವರಿಗೆ ಮೂತ್ರದ ಬಣ್ಣವೇ ಅಳತೆ. ತೆಳು ಹುಲ್ಲಿನ ಬಣ್ಣವಿದ್ದರೆ ನೀರು ಸಾಕಾಗಿದೆ. ದಟ್ಟ ಹಳದಿಯಾದರೆ ಸಾಲದು. ಭಾರಿ ದುಡಿಮೆಯ ನಂತರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುಗಳೇ ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಜಗಳೂರಿನಲ್ಲಿ ಕುಡಿಯುವುದು ಯಾವ ನೀರು?

ಇಲ್ಲಿಯವರೆಗೆ ಹೇಳಿದ್ದು ನದಿ, ನಾಲೆಯ ಪ್ರದೇಶಕ್ಕೆ ಹೆಚ್ಚುಕಡಿಮೆ ಹಾಗೆಯೇ ಒಪ್ಪುತ್ತದೆ. ಅಲ್ಲಿ ಕುಡಿಯುವ ನೀರಿನ ಚಿಂತೆ ಮುಖ್ಯವಾಗಿ ರೋಗಾಣುಗಳದು. ನಾಲೆಯ ನೀರನ್ನು ಹಾಗೆಯೇ ಕುಡಿಯದೆ ಕುದಿಸಿ ಆರಿಸಿ ಒಯ್ಯಬೇಕು. ಜಗಳೂರಿನ ಕಥೆ ಬೇರೆ. ಆ ತಾಲ್ಲೂಕಿನ ಅನೇಕ ಹಳ್ಳಿಗಳ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನೆಲದಡಿಯ ಗಟ್ಟಿ ಬಂಡೆಯ ಖನಿಜಗಳಿಂದ ಅದು ನಿಧಾನವಾಗಿ ನೀರಿಗೆ ಬಿಡುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಲ್ಲಿ ಬಗ್ಗಲಾರದ ಬೆನ್ನು, ಕೀಲು ನೋವು ಇದರ ಫಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ದೊರೆಯದಿದ್ದರೆ 1.5ರವರೆಗೆ ಒಪ್ಪಬಹುದು. ಇದು ಲೀಟರಿನ ಲೆಕ್ಕ. ಮೂಳೆಗೆ ತಲುಪುವುದು ದಿನದ ಲೆಕ್ಕ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ನೆರಳಿನಲ್ಲಿ ಕುಳಿತು ಕೆಲಸ ಮಾಡುವವರು ದಿನಕ್ಕೆ ಎರಡೂವರೆ ಲೀಟರು ಕುಡಿದರೆ 5 ಮಿಲಿಗ್ರಾಂ ಒಳಹೋಗುತ್ತದೆ. ಅದೇ ನೀರನ್ನು ಹೊಲದಲ್ಲಿ ದುಡಿಯುವವರು ಆರು ಲೀಟರು ಕುಡಿದರೆ 12 ಮಿಲಿಗ್ರಾಂ. ಒಪ್ಪಬಹುದೆಂಬ 1.5ರ ನೀರೇ ಆದರೂ ಆರು ಲೀಟರಿಗೆ 9 ಮಿಲಿಗ್ರಾಂ ಆಯಿತು. ದಿನಕ್ಕೆ ಎರಡು ಲೀಟರು ಮಾತ್ರ ಕುಡಿಯುವವರು 4.5 ಮಿಲಿಗ್ರಾಂ ಇರುವ ನೀರು ಕುಡಿದದ್ದಕ್ಕೆ ಇದು ಸಮ. ಬಿಸಿ ಹೆಚ್ಚಿರುವ ಊರಿನ ಜನ ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿ ಫ್ಲೋರೈಡ್ ಮಿತಿ ಇನ್ನೂ ಕಡಿಮೆ ಇರಬೇಕು ಎಂದು ಅಮೆರಿಕದ ಗ್ಯಾಲಗನ್ ಮತ್ತು ವರ್ಮಿಲಿಯನ್ ಅವರು 1957ರಲ್ಲಿಯೇ ಗಾಳಿಯ ಉಷ್ಣತೆಗೆ ತಕ್ಕ ಸೂತ್ರ ಕೊಟ್ಟಿದ್ದರು. ಅದರ ಅರ್ಥ ಜಗಳೂರಿನ ಕೂಲಿಯಾಳಿಗೆ ತಟ್ಟುವಷ್ಟು ಮತ್ತಾರಿಗೆ ತಟ್ಟೀತು?

ಇನ್ನೊಂದು ತೊಡಕೂ ಇದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡ. ನೀರು ಸಾಲದೆ ಮೂತ್ರ ಕಡಿಮೆಯಾದರೆ, ಮೂತ್ರಪಿಂಡ ಸೊರಗಿದರೆ, ಫ್ಲೋರೈಡ್ ಮೈಯಲ್ಲಿಯೇ ಹೆಚ್ಚು ಉಳಿಯುತ್ತದೆ. ಹಾಗಾಗಿ ಫ್ಲೋರೈಡಿಗೆ ಹೆದರಿ ನೀರು ಕುಡಿಯುವುದನ್ನೇ ತಗ್ಗಿಸುವುದು ಪರಿಹಾರವಲ್ಲ. ನೀರನ್ನು ಬದಲಿಸಬೇಕು.

ಮನೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು, ಹೊಲದಲ್ಲಿ ಮಾತ್ರ ಪಂಪ್‌ಸೆಟ್ಟಿನ ನೀರಿಗೆ ಬಾಯೊಡ್ಡುವ ರೂಢಿ ಸಾಮಾನ್ಯ. ಲೆಕ್ಕ ನೋಡಿದರೆ ದಿನದ ನೀರಿನಲ್ಲಿ ಹೆಚ್ಚಿನ ಪಾಲು ಕುಡಿಯುವುದು ಹೊಲದಲ್ಲಿಯೇ! ಆದ್ದರಿಂದ ಕ್ಯಾನು ಮೊದಲು ಹೋಗಬೇಕಾದದ್ದು ಹೊಲಕ್ಕೆ. ಹತ್ತು ಆಳಿಗೆ ಅರ್ಧ ದಿನಕ್ಕೆ 20 ಲೀಟರಿನ ಒಂದು ಕ್ಯಾನು ಸಾಲುವುದಿಲ್ಲ, ಎರಡು ಬೇಕು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಹಿಮ್ಮುಖ ಪರಾಸರಣದ ಘಟಕದ ನೀರಿನಲ್ಲಿ ಬಹುಪಾಲು ಹೋಗಿರುತ್ತದೆ, ಆದರೆ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕ ಹೆಸರಿಗಷ್ಟೇ. ಘಟಕಕ್ಕೆ ಹೋಗುವ ನೀರನ್ನೂ ಬರುವ ನೀರನ್ನೂ ಪರೀಕ್ಷಿಸಿದ ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡುವುದು ರೈತರ ಹಕ್ಕು. ಈ ನೀರಿನಲ್ಲಿ ಲವಣಗಳೂ ಕಡಿಮೆಯಾದ್ದರಿಂದ ಮಜ್ಜಿಗೆ, ರಾಗಿಯ ಆಹಾರ ಇನ್ನಷ್ಟು ಅವಶ್ಯ. ಇವೆರಡರಲ್ಲಿರುವ ಸುಣ್ಣದ ಅಂಶ ಕರುಳಿನಲ್ಲಿ ಫ್ಲೋರೈಡನ್ನು ಹಿಡಿದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಚಹಾ ಸೊಪ್ಪಿನಲ್ಲಿಯೇ ಫ್ಲೋರೈಡ್ ಇರುವುದರಿಂದ ಹೊಲಕ್ಕೆ ಮತ್ತೆ ಮತ್ತೆ ಗಟ್ಟಿ ಚಹಾ ತರಿಸುವುದು ಜಗಳೂರಿನಲ್ಲಿ ಒಳ್ಳೆಯದಲ್ಲ.

ತುಂಗಭದ್ರೆಯ ನೀರನ್ನು ಎತ್ತಿ ಜಗಳೂರಿನ ಕೆರೆಗಳನ್ನು ತುಂಬಿಸುವ ಯೋಜನೆಯ ಬೆಲೆಯನ್ನು ನಾವು ಬೆಳೆಯ ಎಕರೆಗಳಲ್ಲಿ ಅಳೆಯುತ್ತೇವೆ. ಬೆನ್ನು ಮೂಳೆಯ ಲೆಕ್ಕದಲ್ಲಿಯೂ ಅಳೆಯಬೇಕೆಂದು ಈ ಲೇಖಕನ ಅಭಿಪ್ರಾಯ.

ಗುತ್ತಿಗೆ ಕೆಲಸ ಮತ್ತು ಮೂತ್ರಪಿಂಡ

ಮಧ್ಯ ಅಮೆರಿಕದ ಕಬ್ಬಿನ ಬಯಲುಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಯುವ ಕಾರ್ಮಿಕರು ಮೂತ್ರಪಿಂಡ ಕೆಟ್ಟು ಸಾಯುತ್ತಿರುವುದು ಸುಮಾರು ಎರಡು ದಶಕಗಳಿಂದ ವಿಜ್ಞಾನಿಗಳನ್ನು ಕಾಡುತ್ತಿದೆ. ನಮ್ಮ ನೆರೆಯ ಆಂಧ್ರದ ಉದ್ದಾನಂ ಪ್ರದೇಶದಲ್ಲಿಯೂ ಕಾರಣ ತಿಳಿಯದ ಮೂತ್ರಪಿಂಡ ಕಾಯಿಲೆ ಇದೆ. ಎಲ್ಲ ಕಡೆಯೂ ಕಾರಣ ಒಂದೇ ಎಂದು ಹೇಳಲಾಗದು. ಆದರೆ ದಿನವೂ ಮೈ ಕಾದು, ನೀರಾರಿ, ಮತ್ತೆ ಮರುದಿನ ಅದೇ ಆಗುವುದರಿಂದ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ ಎಂಬುದಕ್ಕೆ ಪುರಾವೆ ಬಲವಾಗುತ್ತಿದೆ. ನಿಕರಾಗುವ ದೇಶದಲ್ಲಿ ಕಬ್ಬು ಕಡಿಯುವವರಿಗೆ ಕಡ್ಡಾಯ ವಿರಾಮ, ಹೊಲದಲ್ಲಿಯೇ ನೆರಳಿನ ಚಪ್ಪರ, ಕೈಗೆಟಕುವ ನೀರು ಇವನ್ನು ಒದಗಿಸಿ, ವಿರಾಮದ ಹೊತ್ತನ್ನು ಮುಂದಿನ ಕಟಾವಿಗೆ ಇನ್ನಷ್ಟು ಹೆಚ್ಚಿಸಿ ನೋಡಲಾಯಿತು. ಕಟಾವಿನ ಕಾಲದಲ್ಲಿ ಮೂತ್ರಪಿಂಡಕ್ಕೆ ಆಗುತ್ತಿದ್ದ ಹಾನಿ ಬಹಳ ಮಟ್ಟಿಗೆ ತಗ್ಗಿತೆಂದು 2020ರಲ್ಲಿ ವರದಿಯಾಯಿತು. ಇದರಲ್ಲಿ ಗಮನಿಸಬೇಕಾದದ್ದು, ನೀರೊಂದನ್ನೇ ಹೆಚ್ಚಿಸಿದರೆ ಸಾಲದು. ವಿರಾಮವೇ ಮುಖ್ಯ ಔಷಧಿ.

ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದ ನಾಟಿ, ಕಟಾವಿನ ಗುಂಪುಗಳು ವಿರಾಮವನ್ನು ಕೂಲಿಯ ನಷ್ಟವೆಂದು ಬಗೆಯುತ್ತವೆ. ನಿಂತು ಹೋಗುವುದು ತಮ್ಮ ದುಡ್ಡು ತಾನೇ. ಇದಕ್ಕೆ ಉಪದೇಶದಿಂದ ಪ್ರಯೋಜನವಿಲ್ಲ. ಜಮೀನಿನವರು ಗುತ್ತಿಗೆ ಮಾತಾಡುವಾಗಲೇ ಬೆಳಿಗ್ಗೆ ಬೇಗ ಆರಂಭಿಸಿ ಹನ್ನೊಂದೂವರೆಗೆ ನಿಲ್ಲಿಸಿ, ಮೂರೂವರೆಯ ಮೇಲೆ ಮುಂದುವರಿಸುವುದೆಂದು ಗೊತ್ತುಮಾಡಿಕೊಂಡರೆ ಎಕರೆಯ ಕೆಲಸವೂ ಮುಗಿಯುತ್ತದೆ. 2030ರ ವೇಳೆಗೆ ಬಿಸಿಯ ಕಾರಣದಿಂದ ಭಾರತದಲ್ಲಿ ದುಡಿಮೆಯ ಗಂಟೆಗಳಲ್ಲಿ ನೂರಕ್ಕೆ 5.8 ನಷ್ಟವಾದೀತೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜು ಮಾಡಿದೆ. ಹೇಗೂ ಹೋಗುವ ಹೊತ್ತನ್ನು ನೆರಳಿನಲ್ಲಿ ಕಳೆಯುವುದು ಜಾಣತನ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ನಾಟಿ, ಕಳೆ, ಈರುಳ್ಳಿ ಬಿಡಿಸುವುದು, ಅಡಿಕೆ ಸುಲಿಯುವುದು ಬಹುಮಟ್ಟಿಗೆ ಅವರ ಕೆಲಸ. ಬಯಲಿನಲ್ಲಿ ಮರೆಯಿಲ್ಲದ ಕಾರಣ ಬೆಳಗಿನಿಂದ ಸಂಜೆಯವರೆಗೆ ಬೇಕೆಂದೇ ನೀರು ಕುಡಿಯದೆ ಇರುವವರು ಅನೇಕರು. ತಮಿಳುನಾಡಿನ ಉಪ್ಪಿನ ಗದ್ದೆಗಳಲ್ಲಿ ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿಯೂ ಶೌಚಾಲಯದ ಕೊರತೆ ಹೀಗೆಯೇ ಎದ್ದು ಕಂಡಿತು. ಹೊಲದ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು ತೆಂಗಿನ ಗರಿ ಕಟ್ಟಿ ಒಂದು ಮರೆ ಮಾಡಿಕೊಡುವುದಕ್ಕೆ ಅರ್ಧ ಗಂಟೆ ಸಾಕು. ಅದಿಲ್ಲದೆ ನೀರು ಕುಡಿಯಿರಿ ಎಂದು ಹೇಳುವುದು ವ್ಯರ್ಥ.

ಇಷ್ಟು ದುಡಿಯುವವರಿಗೆ ಬೇರೆ ವ್ಯಾಯಾಮ ಬೇಕೇ ಎಂಬ ಪ್ರಶ್ನೆ ತರಬೇತಿಗಳಲ್ಲಿ ಬರುತ್ತದೆ. ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು 1953ರಲ್ಲಿ ಜೆರ್ರಿ ಮಾರಿಸ್ ತೋರಿಸಿದರು. ಆದರೆ ಇತ್ತೀಚಿನ ಒಂದು ಸಮೀಕ್ಷೆ, 17 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದದ್ದು, ಕೆಲಸದಲ್ಲಿ ಅತಿ ಶ್ರಮಪಡುವ ಗಂಡಸರಲ್ಲಿ ಬೇಗ ಸಾಯುವ ಸಂಭವ ನೂರಕ್ಕೆ 18ರಷ್ಟು ಹೆಚ್ಚು ಎಂದಿದೆ. ಬಡತನ, ಹೊಗೆಬತ್ತಿಯಂತಹ ಬೇರೆ ಕಾರಣಗಳು ಇದರಲ್ಲಿ ಬೆರೆತಿರಬಹುದೆಂಬ ವಾದವೂ ಇದೆ. ಆಟಗಾರ ಒಂದು ಗಂಟೆ ಓಡಿ ಒಂದು ದಿನ ಸುಧಾರಿಸಿಕೊಳ್ಳುತ್ತಾನೆ. ಕೂಲಿಯಾಳಿಗೆ ಆ ಸುಧಾರಣೆಯ ಹೊತ್ತು ಇಲ್ಲ. ವ್ಯತ್ಯಾಸ ಅಲ್ಲಿರಬಹುದು. ಟ್ರ್ಯಾಕ್ಟರಿನ ಮೇಲೆ ಕುಳಿತೇ ಬೇಸಾಯ ಮುಗಿಸುವ ಜಮೀನ್ದಾರರಿಗಂತೂ ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ ಬೇಕೇ ಬೇಕು.

ಯಾರಾದರೂ ಬಿದ್ದರೆ

ಬಿಸಿಲಿನಲ್ಲಿ ದುಡಿಯುತ್ತಿದ್ದವರು ತೊದಲಿದರೆ, ಹುಚ್ಚುಹುಚ್ಚಾಗಿ ವರ್ತಿಸಿದರೆ, ತೂರಾಡಿ ಬಿದ್ದರೆ ಅದನ್ನು ಬಿಸಿಲಿನ ಆಘಾತವೆಂದೇ ತಿಳಿಯಬೇಕು. ಮೈ ಬೆವರಿದ್ದರೂ ಆಘಾತವಾಗಿರಬಹುದು. ಒಳಮೈ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಅರ್ಧ ಗಂಟೆಯೊಳಗೆ ಇಳಿಸಿದರೆ ಜೀವ ಉಳಿಯುತ್ತದೆ. ಕ್ರೀಡಾ ವೈದ್ಯರ ಸೂತ್ರ, ಮೊದಲು ತಣಿಸು, ಆಮೇಲೆ ಸಾಗಿಸು. ಅಮೆರಿಕದ ಫಾಲ್ಮತ್ ಓಟದಲ್ಲಿ 18 ವರ್ಷಗಳಲ್ಲಿ ಹೀಗೆ ಬಿದ್ದ 274 ಮಂದಿಯನ್ನು ಸ್ಥಳದಲ್ಲಿಯೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಚಿಕಿತ್ಸೆ ಮಾಡಲಾಯಿತು. 274 ಮಂದಿಯೂ ಬದುಕಿದರು.

ನಮ್ಮಲ್ಲಿ ಮಂಜುಗಡ್ಡೆಯ ತೊಟ್ಟಿ ಎಲ್ಲಿಂದ ಬರಬೇಕು? ಪಂಪ್‌ಸೆಟ್ಟು ಇದೆ, ದನ ನೀರು ಕುಡಿಯುವ ತೊಟ್ಟಿ ಇದೆ. ಕುಡಿಯಲು ಬಾರದ ಫ್ಲೋರೈಡ್ ನೀರೂ ಮೈ ತಣಿಸಲು ಆಗುತ್ತದೆ. ಬಿದ್ದವರನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ತಲೆಯನ್ನು ನೀರಿನ ಮೇಲೆ ಹಿಡಿದು ಕುತ್ತಿಗೆಯವರೆಗೆ ತೊಟ್ಟಿಯಲ್ಲಿ ಇಳಿಸಬೇಕು. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ಅಂಚುಗಳನ್ನು ನಾಲ್ವರು ಎತ್ತಿ ಹಿಡಿದು ಅದರಲ್ಲಿ ಮಲಗಿಸಿ ನೀರು ತುಂಬಬಹುದು. ಅದೂ ಆಗದಿದ್ದರೆ ಕೊಳವೆಯಿಂದ ಎಡೆಬಿಡದೆ ಮೈಮೇಲೆ ನೀರು ಬಿಟ್ಟು ಗಾಳಿ ಹಾಕಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು, ಮಜ್ಜಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ. ಈ ಕೆಲಸ ನಡೆಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಿ, ವಾಹನ ಬರುವ ದಾರಿಗೆ ಹೋಗಿ ನಿಲ್ಲಬೇಕು. ವಾಹನದಲ್ಲಿಯೂ ಒದ್ದೆ ಬಟ್ಟೆಯನ್ನು ಬದಲಿಸುತ್ತಲೇ ಇರಬೇಕು. ಬಿದ್ದ ಹೊತ್ತು, ಮಾಡುತ್ತಿದ್ದ ಕೆಲಸ, ತಣಿಸಲು ತೊಡಗಿದ ಹೊತ್ತು ಈ ಮೂರನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.